ಹಳೆಯ ಮಡಿಸುವ ಚಾಕುಗಳ ಮೇಲಿನ ಹೆಸರುಗಳೂ ಗುರುತುಗಳೂ

ಮಲೆನಾಡು ಮತ್ತು ಕೊಡಗಿನ ಹಳೆಯ ತೋಟದ ಮನೆಗಳಲ್ಲಿಯೂ, ಬಯಲುಸೀಮೆಯ ಜಮೀನುದಾರರ ಅಟ್ಟದ ಪೆಟ್ಟಿಗೆಗಳಲ್ಲಿಯೂ ಹಿಂದಿನ ತಲೆಮಾರಿನವರು ಬಳಸಿ ಬಿಟ್ಟಿರುವ ಮಡಿಸುವ ಚಾಕುಗಳು ಒಂದೆರಡಾದರೂ ದೊರೆಯುವುದು ಅಪರೂಪವಲ್ಲ. ಇವುಗಳಲ್ಲಿ ಕೆಲವು ಕಸಿ ಕಟ್ಟುವುದಕ್ಕೂ, ಕೆಲವು ರೆಂಬೆ ಸವರುವುದಕ್ಕೂ, ಕೆಲವು ಬರೆಯುವ ಲೇಖನಿಯನ್ನು ಚೂಪು ಮಾಡುವುದಕ್ಕೂ ಕೊಂಡು ತಂದವು. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸೀಮೆಯಲ್ಲಿ ಕಾಫಿ ತೋಟಗಳನ್ನು ತೆಗೆದ ಐರೋಪ್ಯರ ಸಂಗಡ ಇಂಗ್ಲೆಂಡಿನ ಷೆಫೀಲ್ಡ್ ನಗರದ ಉಪಕರಣಗಳು ಬಂದವು. ಆ ಮೇಲೆ ರೇವುಪಟ್ಟಣಗಳ ಅಂಗಡಿಗಳ ಮೂಲಕ ಜರ್ಮನಿಯ ಸೋಲಿಂಗೆನ್ ನಗರದ ಚಾಕುಗಳೂ ಬಂದು ಒಳನಾಡಿಗೆ ಹರಡಿದವು. ಇಂಥ ಚಾಕು ಕೈಗೆ ಸಿಕ್ಕಿದಾಗ ಅದು ಯಾರು ಮಾಡಿದ್ದು, ಯಾವ ಕಾಲದ್ದು, ಎಷ್ಟರ ಮಟ್ಟಿಗೆ ನಂಬತಕ್ಕದ್ದು ಎಂಬುದನ್ನು ತಿಳಿಯುವ ಬಗೆಯನ್ನು ಈ ಲೇಖನದಲ್ಲಿ ವಿವರಿಸಿದೆ.

ಈ ತಿಳಿವಳಿಕೆಯು ಬರಿಯ ಕುತೂಹಲಕ್ಕೆ ಸಂಬಂಧಪಟ್ಟದ್ದೆಂದು ಭಾವಿಸಕೂಡದು. ಹಳೆಯ ಸಾಮಾನುಗಳನ್ನು ಕೊಳ್ಳುವ ವ್ಯಾಪಾರಿಗಳು ಹಳ್ಳಿಗಳಲ್ಲಿ ಸಂಚರಿಸುತ್ತಾರೆ. ಒಳ್ಳೆಯ ಉಕ್ಕಿನ ಚಾಕುವನ್ನು ಗುಜರಿಯ ತೂಕಕ್ಕೆ ಹಾಕಿ ಕೊಟ್ಟುಬಿಡುವ ಮನೆಗಳುಂಟು. ದೊಡ್ಡ ಹೆಸರನ್ನು ಒತ್ತಿದ ಕೀಳು ಚಾಕುವಿಗೆ ನೂರ್ಮಡಿ ಬೆಲೆ ತೆತ್ತು ಬರುವವರೂ ಉಂಟು. ಇವೆರಡಕ್ಕಿಂತ ಹೆಚ್ಚಿನ ನಷ್ಟವೆಂದರೆ, ಇನ್ನೂ ಮೂವತ್ತು ವರ್ಷ ಕಸಿಯ ಕೆಲಸಕ್ಕೆ ಬರಬಹುದಾದ ಅಲಗನ್ನು ಅದರ ಗುಣವರಿಯದೆ ಸಾಣೆಯ ಚಕ್ರಕ್ಕೆ ಕೊಟ್ಟು ಕೆಡಿಸುವುದು.

ಮೊದಲೇ ಮನಸ್ಸಿನಲ್ಲಿಡಬೇಕಾದ ವಿಷಯ ಒಂದಿದೆ. ಹೆಸರನ್ನು ಒತ್ತುವುದು ಸುಲಭ. ಅದಕ್ಕೆ ಬೇಕಾದದ್ದು ಒಂದು ಅಚ್ಚು ಮತ್ತು ಒಂದು ಸುತ್ತಿಗೆ. ಕ್ರಯಪತ್ರವನ್ನು ಪರಿಶೀಲಿಸುವ ಅನುಭವಸ್ಥರು ಸಹಿಯೊಂದನ್ನೇ ನೋಡಿ ಒಪ್ಪುವುದಿಲ್ಲ. ಛಾಪಾಕಾಗದದ ವರ್ಷ, ಚಕ್ಕುಬಂದಿ, ಬರವಣಿಗೆಯ ಕೈ, ಸಾಕ್ಷಿಗಳ ಹೆಸರು ಇವೆಲ್ಲವೂ ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡುತ್ತಾರೆ. ಪತ್ರದ ತಾರೀಖು ಛಾಪಾಕಾಗದ ಹೊರಟ ತಾರೀಖಿಗಿಂತ ಹಿಂದಿನದಾದರೆ ಸಹಿ ಎಷ್ಟೇ ಚೆನ್ನಾಗಿದ್ದರೂ ಆ ಪತ್ರ ನಿಲ್ಲುವುದಿಲ್ಲ. ಚಾಕುವಿನ ಪರೀಕ್ಷೆಯೂ ಇದೇ ಬಗೆಯದು. ಹೆಸರು ಹೇಳುವುದನ್ನು ಉಕ್ಕು, ಹಿಡಿ, ಆಣಿ, ಸವೆತ ಇವು ಒಪ್ಪಿದರೆ ಮಾತ್ರ ಹೆಸರನ್ನು ನಂಬತಕ್ಕದ್ದು.

ಗುರುತು ಇರುವ ಸ್ಥಳ

ಮಡಿಸುವ ಚಾಕುವಿಗೆ ಅಲಗು, ಹಿಡಿ, ಬೆನ್ನಿನ ಕಮಾನು ಇವು ಮುಖ್ಯವಾದ ಅಂಗಗಳು. ಹಿಡಿಯ ಎರಡು ಪಕ್ಕಗಳಲ್ಲಿ ಕೊಂಬು, ಮೂಳೆ ಅಥವಾ ಮರದ ಪಟ್ಟಿಗಳು. ಅವುಗಳ ಒಳಗೆ ಹಿತ್ತಾಳೆಯ ಅಥವಾ ಕಬ್ಬಿಣದ ತೆಳುವಾದ ತಗಡುಗಳು. ಅಲಗು ತಿರುಗುವ ಆಣಿಯ ಸುತ್ತ ಭದ್ರತೆಗಾಗಿ ಲೋಹದ ಕಟ್ಟು. ಅಲಗು ಹಿಡಿಯನ್ನು ಸೇರುವ ಕಡೆ ಹರಿತವಿಲ್ಲದೆ ಚಪ್ಪಟೆಯಾಗಿರುವ ಬುಡವೊಂದು ಇರುತ್ತದೆ. ತಯಾರಕರು ತಮ್ಮ ಹೆಸರನ್ನು ಸಾಮಾನ್ಯವಾಗಿ ಈ ಬುಡದ ಮೇಲೆಯೇ ಒತ್ತುತ್ತಿದ್ದರು. ಎರಡು ಮೂರು ಅಲಗುಗಳಿರುವ ಚಾಕುವಿನಲ್ಲಿ ದೊಡ್ಡ ಅಲಗಿನ ಮೇಲೆ ಪೂರ್ಣ ಹೆಸರೂ, ಚಿಕ್ಕವುಗಳ ಮೇಲೆ ಸಂಕ್ಷಿಪ್ತ ಹೆಸರೂ ಇರಬಹುದು. ಬುಡದ ಎರಡು ಮುಖಗಳನ್ನೂ ನೋಡತಕ್ಕದ್ದು; ಒಂದರಲ್ಲಿ ಹೆಸರು, ಮತ್ತೊಂದರಲ್ಲಿ ಊರು ಅಥವಾ ಸಂಖ್ಯೆ ಇರುವುದುಂಟು. ಅಲಗಿನ ಅಗಲವಾದ ಮುಖದ ಮೇಲೆ ಆಮ್ಲದಿಂದ ಕೊರೆದ ಬರಹವು ಕೆಲವು ಚಾಕುಗಳಲ್ಲಿರುತ್ತದೆ. ಅದು ತೆಳುವಾದದ್ದು. ಉಜ್ಜಿದಂತೆಲ್ಲ ಅಳಿಯುವುದರಿಂದ, ಅದು ಪೂರ್ಣವಾಗಿ ಉಳಿದಿದ್ದರೆ ಚಾಕುವನ್ನು ಹೆಚ್ಚಾಗಿ ಬಳಸಿಲ್ಲವೆಂದು ಊಹಿಸಬಹುದು.

ತುಕ್ಕು ಮುಚ್ಚಿದ ಬುಡವನ್ನು ಮರಳುಕಾಗದದಿಂದಾಗಲಿ, ಇಟ್ಟಿಗೆಪುಡಿಯಿಂದಾಗಲಿ, ಹುಣಿಸೆಹಣ್ಣಿನಿಂದಾಗಲಿ ಉಜ್ಜಕೂಡದು. ಪಾತ್ರೆ ಬೆಳಗುವ ಅಭ್ಯಾಸದ ಕೈಗಳು ಹೀಗೆ ಉಜ್ಜಿ ಅಳಿಸಿದ ಗುರುತುಗಳು ಲೆಕ್ಕವಿಲ್ಲ. ಒಂದೆರಡು ತೊಟ್ಟು ಸೀಮೆಎಣ್ಣೆ ಅಥವಾ ಯಂತ್ರದ ಎಣ್ಣೆಯನ್ನು ಬಿಟ್ಟು ಒಂದು ರಾತ್ರಿ ಇಟ್ಟು, ಮಾರನೆಯ ದಿನ ಬಿದಿರಿನ ಸೀಳಿನ ತುದಿಯಿಂದ ಮೃದುವಾಗಿ ಕೆರೆದು, ಬಟ್ಟೆಯಿಂದ ಒರಸಬೇಕು. ತರುವಾಯ ಒಣಗಿದ ಬುಡದ ಮೇಲೆ ಸೀಮೆಸುಣ್ಣದ ಪುಡಿಯನ್ನಾಗಲಿ ವಿಭೂತಿಯನ್ನಾಗಲಿ ತೀಡಿದರೆ ಅಕ್ಷರಗಳ ಹಳ್ಳದಲ್ಲಿ ಬಿಳುಪು ನಿಂತು ಹೆಸರು ಎದ್ದು ಕಾಣುತ್ತದೆ. ಬೆಳಗಿನ ಓರೆ ಬಿಸಿಲಿನಲ್ಲಿ ಭೂತಗನ್ನಡಿ ಹಿಡಿದು ನೋಡುವುದು ಎಲ್ಲಕ್ಕಿಂತ ಉತ್ತಮ. ತೆಳುವಾದ ಕಾಗದವನ್ನು ಮೇಲಿಟ್ಟು ಸೀಸದಕಡ್ಡಿಯಿಂದ ತೀಡಿ ಪಡೆದ ಪ್ರತಿಯನ್ನು ಇಟ್ಟುಕೊಂಡರೆ ಬೇರೆ ಚಾಕುಗಳ ಸಂಗಡ ಹೋಲಿಸುವುದಕ್ಕೆ ಅನುಕೂಲ.

ತಯಾರಕರ ಹೆಸರಲ್ಲದ ಮಾತುಗಳು

ಚಾಕುವಿನ ಮೇಲಿರುವ ಮಾತೆಲ್ಲವೂ ತಯಾರಕರ ಹೆಸರೆಂದು ತಿಳಿಯುವುದು ಸಾಮಾನ್ಯವಾಗಿ ನಡೆಯುವ ತಪ್ಪು. ‘ರೋಸ್ಟ್‌ಫ್ರೈ’ ಕಂಪನಿಯ ಚಾಕುವೆಂದು ಹೇಳಿ ಮಾರುವವರಿದ್ದಾರೆ. ಅಂಥ ಕಂಪನಿಯಲ್ಲ ಅದು. ಜರ್ಮನ್ ಭಾಷೆಯಲ್ಲಿ ಆ ಮಾತಿಗೆ ತುಕ್ಕು ಹಿಡಿಯದ್ದು ಎಂದಷ್ಟೇ ಅರ್ಥ. ಫ್ರಾನ್ಸು, ಸ್ವಿಟ್ಜರ್ಲೆಂಡುಗಳ ಚಾಕುಗಳ ಮೇಲಿನ ‘ಇನಾಕ್ಸ್’ ಎಂಬುದಕ್ಕೂ, ಇಂಗ್ಲಿಷಿನ ‘ಸ್ಟೇನ್‌ಲೆಸ್’ ಎಂಬುದಕ್ಕೂ ಅದೇ ಅರ್ಥ. ‘ಕಾಸ್ಟ್ ಸ್ಟೀಲ್’ ಎಂಬುದು ಮೂಸೆಯಲ್ಲಿ ಕರಗಿಸಿ ಎರಕಹೊಯ್ದ ಉಕ್ಕನ್ನು ಸೂಚಿಸುತ್ತದೆ. ಈ ವಿಧಾನವನ್ನು ಷೆಫೀಲ್ಡಿನಲ್ಲಿ ೧೭೪೦ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಎಂಬವರು ರೂಢಿಗೆ ತಂದರು. ‘ವಾರಂಟೆಡ್’ ಎಂಬುದು ಭರವಸೆಯ ಮಾತು. ‘ಗೆಸ್. ಗೆಶ್.’ ಎಂಬ ಜರ್ಮನ್ ಸಂಕ್ಷೇಪಕ್ಕೆ ಕಾನೂನಿನ ರಕ್ಷಣೆಯುಳ್ಳದ್ದು ಎಂದರ್ಥ. ‘ಡಿ. ಆರ್. ಜಿ. ಎಂ.’ ಎಂಬ ನಾಲ್ಕು ಅಕ್ಷರಗಳು ಜರ್ಮನ್ ಸಾಮ್ರಾಜ್ಯದಲ್ಲಿ ೧೮೯೧ರಿಂದ ನಡೆದುಬಂದ ಒಂದು ಬಗೆಯ ನೋಂದಣಿಯನ್ನು ಸೂಚಿಸುತ್ತವೆ. ಇವು ಇರುವ ಚಾಕು ಆ ವರ್ಷಕ್ಕಿಂತ ಹಿಂದಿನದಾಗಲಾರದು.

ಷೆಫೀಲ್ಡ್, ಸೋಲಿಂಗೆನ್ ಎಂಬುವು ಊರುಗಳ ಹೆಸರುಗಳು. ಈ ಒಂದೊಂದು ಊರಿನಲ್ಲಿಯೂ ನೂರಾರು ಮಂದಿ ತಯಾರಕರಿದ್ದರು. ಅತ್ಯುತ್ತಮರೂ ಇದ್ದರು, ಅಧಮರೂ ಇದ್ದರು. ಊರಿನ ಹೆಸರು ಮಾತ್ರವಿದ್ದು ತಯಾರಕರ ಹೆಸರಿಲ್ಲದ ಚಾಕುವನ್ನು ಅದರ ಉಕ್ಕಿನ ಯೋಗ್ಯತೆಯ ಮೇಲೆಯೇ ಬೆಲೆ ಕಟ್ಟತಕ್ಕದ್ದು.

ಅಂಗಡಿಯವರ ಹೆಸರುಗಳ ವಿಚಾರವೂ ಹೀಗೆಯೇ. ಬೊಂಬಾಯಿ, ಕಲ್ಕತ್ತೆಗಳಲ್ಲಿ ಮಳಿಗೆಗಳಿದ್ದ ಆರ್ಮಿ ಅಂಡ್ ನೇವಿ ಸಂಘದಂಥ ದೊಡ್ಡ ವ್ಯಾಪಾರಸ್ಥರು ಬೇರೆಯವರಿಂದ ಚಾಕುಗಳನ್ನು ಮಾಡಿಸಿ ತಮ್ಮ ಹೆಸರನ್ನು ಒತ್ತಿಸುತ್ತಿದ್ದರು. ಅಂಥಲ್ಲಿ ಹೆಸರು ಮಾರಿದವರದು, ಮಾಡಿದ ಕೈ ಬೇರೆ.

ಷೆಫೀಲ್ಡಿನ ಗುರುತುಗಳು

ಷೆಫೀಲ್ಡಿನಲ್ಲಿ ಗುರುತುಗಳಿಗೆ ಒಂದು ಕಟ್ಟುಪಾಡಿತ್ತು. ಹ್ಯಾಲಮ್‌ಷೈರ್ ಎಂಬ ಆ ಸೀಮೆಯ ಚಾಕುಗಾರರ ಸಂಘವು ೧೬೨೪ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟಿನ ಶಾಸನದಿಂದ ಸ್ಥಾಪಿತವಾಯಿತು. ಕಸಬು ಕಲಿತು ಸ್ವತಂತ್ರನಾದ ಚಾಕುಗಾರನಿಗೆ ಸಂಘವು ಒಂದು ಗುರುತನ್ನು ಕೊಟ್ಟು ದಾಖಲುಮಾಡುತ್ತಿತ್ತು. ನಮ್ಮಲ್ಲಿ ದನಗಳಿಗೆ ಬರೆ ಹಾಕುವಾಗ ಒಬ್ಬರ ಬರೆಯನ್ನು ಮತ್ತೊಬ್ಬರು ಹಾಕದಿರುವಂತೆ, ಒಬ್ಬನ ಗುರುತನ್ನು ಮತ್ತೊಬ್ಬನು ಒತ್ತಕೂಡದೆಂಬ ನಿಯಮವಿತ್ತು. ಆದರೆ ಗುರುತು ಮನೆತನದಿಂದ ಮನೆತನಕ್ಕೆ ಕೈ ಬದಲಾಯಿಸಬಹುದಾಗಿತ್ತು. ಮಾಡಿದವನು ಸತ್ತು ಶತಮಾನವಾದರೂ ಗುರುತು ಬದುಕಿರುತ್ತಿತ್ತು. ಆದುದರಿಂದ ಗುರುತು ಹುಟ್ಟಿದ ವರ್ಷವೂ ಚಾಕು ಹುಟ್ಟಿದ ವರ್ಷವೂ ಒಂದೇ ಎಂದು ತಿಳಿಯಕೂಡದು. ಈ ಒಂದು ತಪ್ಪಿನಿಂದಲೇ ನಿನ್ನೆ ಮೊನ್ನೆಯ ಚಾಕುಗಳಿಗೆ ಮುನ್ನೂರು ವರ್ಷದ ವಯಸ್ಸನ್ನು ಹೇಳುವವರಿದ್ದಾರೆ.

ಇದಕ್ಕೆ ಜೋಸೆಫ್ ರಾಜರ್ಸ್ ಅಂಡ್ ಸನ್ಸ್ ಎಂಬ ಮನೆಯೇ ಉತ್ತಮ ನಿದರ್ಶನ. ಇವರ ಗುರುತು ಒಂದು ನಕ್ಷತ್ರ ಮತ್ತು ಮಾಲ್ಟಾ ಶಿಲುಬೆ. ನಾಲ್ಕು ಬಾಹುಗಳೂ ಹೊರಗಡೆಗೆ ಅಗಲವಾಗುತ್ತಾ ಹೋಗುವ ಶಿಲುಬೆ ಅದು. ಇದು ೧೬೮೨ರಲ್ಲಿ ದತ್ತವಾದ ಗುರುತೆಂದು ಇವರ ಜಾಹೀರಾತುಗಳಲ್ಲಿ ಅಚ್ಚಾಗುತ್ತಿತ್ತು. ಆ ವರ್ಷವನ್ನು ಕಂಡ ಮಾತ್ರಕ್ಕೆ ಚಾಕು ಹದಿನೇಳನೆಯ ಶತಮಾನದ್ದಾಗುವುದಿಲ್ಲ. ೧೮೨೨ರಲ್ಲಿ ನಾಲ್ಕನೆಯ ಜಾರ್ಜ್ ದೊರೆಯಿಂದ ಅರಮನೆಯ ಚಾಕುಗಾರರೆಂಬ ನೇಮಕ ಇವರಿಗೆ ದೊರೆಯಿತು. ಅಂದಿನಿಂದ ಕಿರೀಟವೂ, ಅದರ ಎರಡು ಪಕ್ಕಗಳಲ್ಲಿ ಆಳುವ ದೊರೆಯ ಹೆಸರಿನ ಅಕ್ಷರಗಳೂ ಅಲಗಿನ ಬುಡವನ್ನೇರಿದವು. ಷೆಫೀಲ್ಡಿನ ನಾರ್‌ಫೋಕ್ ಬೀದಿಯ ಆರನೆಯ ನಂಬರೆಂಬ ವಿಳಾಸವನ್ನೂ ಕೆಲವು ಅಲಗುಗಳ ಮೇಲೆ ಕಾಣಬಹುದು.

ಹೆಸರು ದೊಡ್ಡದಾದಂತೆ ಕಳ್ಳತನವೂ ಬೆಳೆಯಿತು. ೧೮೪೦ರ ದಶಕದಲ್ಲಿಯೇ ರಾಜರ್ಸ್ ಮನೆಯವರು ನೋವಿಲ್ ಎಂಬುವರ ಮೇಲೆ, ತಮ್ಮ ಹೆಸರನ್ನೂ ಕಿರೀಟದ ಗುರುತನ್ನೂ ಹೋಲುವಂತೆ ಒತ್ತಿ ಮಾರಿದರೆಂದು ವ್ಯಾಜ್ಯ ಹೂಡಬೇಕಾಯಿತು. ಆ ವ್ಯಾಜ್ಯವು ಇಂಗ್ಲೆಂಡಿನ ನ್ಯಾಯಗ್ರಂಥಗಳಲ್ಲಿ ಇಂದಿಗೂ ಉದಾಹೃತವಾಗುತ್ತದೆ. ಓದುವವರು ಗಮನಿಸಬೇಕಾದ ಅಂಶವೇನೆಂದರೆ, ಈ ಮನೆಯವರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ‘ಡಿ’ ಅಕ್ಷರವನ್ನು ಸೇರಿಸಿ ಬರೆಯುತ್ತಾರೆ. ಉಚ್ಚಾರಣೆಯಲ್ಲಿ ಆ ಅಕ್ಷರ ಕೇಳಿಸುವುದಿಲ್ಲ. ‘ಡಿ’ ಇಲ್ಲದ ರಾಜರ್ಸ್ ಇವರಲ್ಲ. ‘ಡಿ’ ಇದ್ದೂ ಬೇರೆಯವರಾಗಿರುವುದುಂಟು: ‘ಐ ಕಟ್ ಮೈ ವೇ’ ಎಂಬ ವಾಕ್ಯವನ್ನು ಒತ್ತಿದ ವಿಲಿಯಂ ರಾಜರ್ಸ್ ಚಾಕುಗಳು ಷೆಫೀಲ್ಡಿನವೇ ಆದರೂ, ಆ ಹೆಸರು ಜಾನ್ ಕ್ಲಾರ್ಕ್ ಅಂಡ್ ಸನ್ ಎಂಬ ಮತ್ತೊಂದು ಮನೆಯದು. ಅವು ಕಳ್ಳ ಚಾಕುಗಳಲ್ಲ. ಆದರೆ ಜೋಸೆಫ್ ರಾಜರ್ಸ್ ಚಾಕುವಿನ ಬೆಲೆಯನ್ನು ಅವಕ್ಕೆ ಕೊಡಬೇಕಾದ್ದಿಲ್ಲ.

ಜಾರ್ಜ್ ವೋಸ್ಟೆನ್‌ಹೋಮ್ ಎಂಬ ಮನೆಯ ಗುರುತು ಐ, ನಕ್ಷತ್ರ, ಎಕ್ಸ್, ಎಲ್. ಇಂಗ್ಲಿಷಿನಲ್ಲಿ ಕೂಡಿಸಿ ಓದಿದರೆ ‘ನಾನೇ ಮೇಲು’ ಎಂಬ ಅರ್ಥ ಬರುತ್ತದೆ. ಈ ಗುರುತು ೧೭೮೭ರಲ್ಲಿ ಬೇರೊಬ್ಬರಿಗೆ ಕೊಟ್ಟದ್ದಾಗಿದ್ದು, ಹತ್ತೊಂಬತ್ತನೆಯ ಶತಮಾನದಲ್ಲಿ ಈ ಮನೆಗೆ ಬಂತು. ಇವರ ವ್ಯಾಪಾರ ಬಹುಪಾಲು ಅಮೆರಿಕದ ಸಂಗಡ ನಡೆಯಿತು. ೧೯೭೧ರಲ್ಲಿ ರಾಜರ್ಸ್ ಮನೆಯವರೇ ಇವರ ವ್ಯಾಪಾರವನ್ನು ಕೊಂಡರು. ಎರಡು ಹೆಸರುಗಳೂ ಅನಂತರ ಷೆಫೀಲ್ಡಿನ ಮತ್ತೊಂದು ಸಂಸ್ಥೆಗೆ ಸೇರಿ, ಹೊಸ ಚಾಕುಗಳ ಮೇಲೆಯೂ ಬಂದಿವೆ. ಹೆಸರು ಹಳೆಯದು, ಚಾಕು ಹೊಸದು ಎಂಬ ಸ್ಥಿತಿ ಇದು. ಇದರಲ್ಲಿ ಮೋಸವೇನೂ ಇಲ್ಲ, ಕೊಳ್ಳುವವರಿಗೆ ತಿಳಿದಿರಬೇಕು ಅಷ್ಟೆ. ಕಣ್ಣಿನ ಚಿತ್ರವನ್ನುಳ್ಳ ‘ಐ ವಿಟ್ನೆಸ್’ ಗುರುತು ಟೇಲರ್ ಎಂಬವರದಾಗಿದ್ದು, ಬಳಿಕ ನೀಡಮ್, ವೀಲ್ ಅಂಡ್ ಟೈಜಾಕ್ ಮನೆಯದಾಯಿತು.

ತೋಟಗಾರರಿಗೆ ಇವರೆಲ್ಲರಿಗಿಂತ ಹೆಚ್ಚು ಬೇಕಾದ ಹೆಸರು ಸೇನರ್. ಷೆಫೀಲ್ಡಿನ ಸೇನರ್, ಕುಕ್ ಅಂಡ್ ರೈಡಲ್ ಎಂಬ ಮನೆಯವರು ಸವರುವ ಚಾಕು, ಕಣ್ಣು ಹಾಕುವ ಚಾಕುಗಳಿಗೆಂದೇ ಹೆಸರಾದವರು. ಪೇಟೆಯಲ್ಲಿ ಈ ಹೆಸರಿಗೆ ರಾಜರ್ಸ್ ಹೆಸರಿನಷ್ಟು ಗಿರಾಕಿಯಿಲ್ಲ. ಆದರೆ ಗಿಡದ ಮುಂದೆ ನಿಂತು ಕೆಲಸ ಮಾಡುವವನಿಗೆ ಸೇನರ್ ಚಾಕುವೇ ಮೇಲು.

ಕಾಲನಿರ್ಣಯ

ಗುರುತುಗಳಿಂದ ಚಾಕುವಿನ ವರ್ಷವನ್ನು ಖಚಿತವಾಗಿ ಹೇಳುವುದು ಅಪರೂಪ. ಈ ವರ್ಷಕ್ಕಿಂತ ಹಿಂದಿನದಲ್ಲ ಎಂದು ಹೇಳುವುದು ಮಾತ್ರ ಹಲವು ವೇಳೆ ಸಾಧ್ಯ. ಕಿರೀಟದ ಪಕ್ಕದ ಅಕ್ಷರಗಳನ್ನು ಮೊದಲು ನೋಡಬೇಕು. ‘ಡಬ್ಲ್ಯು. ಆರ್.’ ಇದ್ದರೆ ೧೮೩೦ರಿಂದ ೧೮೩೭ರವರೆಗೆ ಆಳಿದ ನಾಲ್ಕನೆಯ ವಿಲಿಯಂ; ‘ವಿ. ಆರ್.’ ಇದ್ದರೆ ೧೮೩೭ರಿಂದ ೧೯೦೧ರವರೆಗೆ ಆಳಿದ ವಿಕ್ಟೋರಿಯ ರಾಣಿ. ‘ಇ. ಆರ್.’ ೧೯೦೧ರಿಂದ ೧೯೧೦ರವರೆಗೆ ಆಳಿದ ಏಳನೆಯ ಎಡ್ವರ್ಡನಿಗೂ ಸಲ್ಲುತ್ತದೆ, ೧೯೫೨ರಲ್ಲಿ ಪಟ್ಟಕ್ಕೆ ಬಂದ ಎರಡನೆಯ ಎಲಿಜಬೆತ್ ರಾಣಿಗೂ ಸಲ್ಲುತ್ತದೆ. ‘ಜಿ. ಆರ್.’ ಹಲವು ಜಾರ್ಜರಿಗೆ ಸಲ್ಲುವುದರಿಂದ ಅದೊಂದರಿಂದಲೇ ನಿರ್ಣಯಿಸಲಾಗದು. ನೇಮಕವಿಲ್ಲದ ತಯಾರಕರೂ ಕಿರೀಟವನ್ನು ಅಲಂಕಾರಕ್ಕಾಗಿ ಒತ್ತಿದ್ದಾರೆ. ಹೆಸರೇ ಇಲ್ಲದ ಬರಿಯ ಕಿರೀಟಕ್ಕೆ ಬೆಲೆಯಿಲ್ಲ.

‘ಇಂಗ್ಲೆಂಡ್’ ಎಂಬ ಮಾತಿನಿಂದಲೂ ಒಂದು ಸೂಚನೆ ದೊರೆಯುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನಗಳು ೧೮೯೦ರ ಸುಂಕದ ಕಾನೂನಿನಿಂದ, ಹೊರಗಿನಿಂದ ಬರುವ ಸರಕಿನ ಮೇಲೆ ದೇಶದ ಹೆಸರನ್ನು ಇಂಗ್ಲಿಷಿನಲ್ಲಿ ನಮೂದಿಸಬೇಕೆಂದು ವಿಧಿಸಿದವು. ೧೮೯೧ರಿಂದ ಅದು ಜಾರಿಗೆ ಬಂತು. ಆದ್ದರಿಂದ ‘ಷೆಫೀಲ್ಡ್, ಇಂಗ್ಲೆಂಡ್’ ಎಂದಿರುವ ಚಾಕು ಸಾಮಾನ್ಯವಾಗಿ ಆ ಕಾಲದ ಅಥವಾ ಅನಂತರದ್ದು. ದೇಶದ ಹೆಸರಿಲ್ಲದ ಚಾಕುಗಳೆಲ್ಲ ಅದಕ್ಕಿಂತ ಹಿಂದಿನವೆಂದು ತಿರುಗಿಸಿ ವಾದಿಸಕೂಡದು. ಆ ಕಾನೂನು ಅಮೆರಿಕಕ್ಕೆ ಹೋಗುವ ಸರಕಿಗೆ ಅನ್ವಯಿಸುತ್ತಿತ್ತೇ ಹೊರತು ಇಂಡಿಯಾಕ್ಕೆ ಬರುವ ಸರಕಿಗಲ್ಲ.

ಎಲ್ಲಕ್ಕಿಂತ ಗಟ್ಟಿಯಾದ ಸಾಕ್ಷಿ ‘ಸ್ಟೇನ್‌ಲೆಸ್’ ಎಂಬ ಮಾತು. ತುಕ್ಕು ಹಿಡಿಯದ ಚಾಕುವಿನ ಉಕ್ಕನ್ನು ಷೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿಯವರು ಸಿದ್ಧಪಡಿಸಿದ್ದು ೧೯೧೩ರಲ್ಲಿ. ವಿಕ್ಟೋರಿಯ ರಾಣಿಯ ಕಾಲದ್ದೆಂದು ವ್ಯಾಪಾರಿ ಆಣೆಯಿಟ್ಟು ಹೇಳುವ ಚಾಕುವಿನ ಮೇಲೆ ಈ ಮಾತು ಇದ್ದರೆ, ರಾಣಿ ತೀರಿಕೊಂಡು ಹನ್ನೆರಡು ವರ್ಷಗಳ ಮೇಲೆ ಹುಟ್ಟಿದ ಉಕ್ಕು ಅದು. ಛಾಪಾಕಾಗದದ ಉಪಮೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ.

ಸೈನ್ಯದಿಂದ ಬಿಡುಗಡೆ ಹೊಂದಿ ಬಂದವರ ಪೆಟ್ಟಿಗೆಗಳಲ್ಲಿ ಸಿಕ್ಕುವ ದಪ್ಪನೆಯ ಚಾಕುಗಳ ವಿಚಾರ ಸುಲಭ. ಅವುಗಳ ಮೇಲೆ ಬ್ರಿಟಿಷ್ ಸರ್ಕಾರದ ಬಾಣದ ಗುರುತು ಇರುತ್ತದೆ. ಅನೇಕ ಚಾಕುಗಳಲ್ಲಿ ತಯಾರಕರ ಹೆಸರಿನ ಸಂಗಡ ವರ್ಷವನ್ನೇ ಒತ್ತಿರುತ್ತಾರೆ. ಬಾಣದ ಕೆಳಗೆ ‘ಐ’ ಅಕ್ಷರವಿದ್ದರೆ ಇಂಡಿಯಾ ಸರ್ಕಾರದ ಉಗ್ರಾಣಕ್ಕೆ ಸೇರಿದ್ದು.

ಜರ್ಮನಿ ಮತ್ತು ಇತರ ದೇಶಗಳು

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಜರ್ಮನಿಯ ಕೆಲವರು ಕೀಳು ಸರಕಿಗೆ ಷೆಫೀಲ್ಡಿನ ಹೆಸರನ್ನೊತ್ತಿ ಕಳುಹಿಸುತ್ತಿದ್ದುದರಿಂದ, ಬ್ರಿಟನ್ ೧೮೮೭ರಲ್ಲಿ ಸರಕುಗಳ ಗುರುತಿನ ಕಾನೂನನ್ನು ಮಾಡಿತು. ಇಂಡಿಯಾದಲ್ಲಿ ಅದೇ ಬಗೆಯ ಕಾನೂನು ೧೮೮೯ರಲ್ಲಿ ಬಂತು. ‘ಮೇಡ್ ಇನ್ ಜರ್ಮನಿ’ ಎಂಬ ಮಾತು ಹೀಗೆ ಅಪಮಾನದ ಗುರುತಾಗಿ ಹುಟ್ಟಿ, ಕೆಲವೇ ದಶಕಗಳಲ್ಲಿ ಮೆಚ್ಚುಗೆಯ ಗುರುತಾದದ್ದು ವಿನೋದವೇ ಸರಿ. ಸೋಲಿಂಗೆನ್ನಿನಲ್ಲಿಯೂ ಹಳೆಯ ಗುರುತುಗಳಿಗೆ ಕೊರತೆಯಿಲ್ಲ. ಹೆಂಕೆಲ್ಸ್ ಮನೆಯ ಅವಳಿ ಮಕ್ಕಳ ಗುರುತು ಅಲ್ಲಿನ ಚಾಕುಗಾರರ ಸಂಘದಲ್ಲಿ ೧೭೩೧ರಲ್ಲಿ ದಾಖಲಾಯಿತು. ಮರದ ಗುರುತು ಬೋಕರ್ ಮನೆಯದು. ೧೯೩೮ರ ಕಾನೂನಿನ ಪ್ರಕಾರ ಆ ಸೀಮೆಯಲ್ಲಿಯೇ ತಯಾರಾದ ಸರಕಿಗೆ ಹೊರತು ಸೋಲಿಂಗೆನ್ ಎಂಬ ಹೆಸರನ್ನು ಒತ್ತಕೂಡದೆಂದಾಯಿತು. ‘ವೆಸ್ಟ್ ಜರ್ಮನಿ’ ಎಂದಿದ್ದರೆ ೧೯೪೯ಕ್ಕೂ ೧೯೯೦ಕ್ಕೂ ನಡುವಣದೆಂದು ತಿಳಿಯಬಹುದು. ಕಸಿಯ ಚಾಕುಗಳಲ್ಲಿ ಜರ್ಮನಿಯ ರಾಯ್ಟ್‌ಲಿಂಗೆನ್ ಊರಿನ ‘ಟೀನಾ’ ಎಂಬ ಹೆಸರು ಪ್ರಸಿದ್ಧವಾದದ್ದು. ಆ ಮನೆ ೧೮೫೪ರಲ್ಲಿ ಆರಂಭವಾಯಿತು.

ಸ್ವಿಟ್ಜರ್ಲೆಂಡಿನ ಕೆಂಪು ಚಾಕುವನ್ನು ಕಾರ್ಲ್ ಎಲ್ಸೆನರ್ ಎಂಬವರ ಮನೆಯವರು ಮಾಡಿದರು. ಅವರು ೧೯೦೯ರಲ್ಲಿ ತೀರಿಕೊಂಡ ತಾಯಿಯ ಹೆಸರಾದ ವಿಕ್ಟೋರಿಯ ಎಂಬುದನ್ನೇ ಗುರುತಾಗಿ ಮಾಡಿಕೊಂಡರು. ೧೯೨೧ರಲ್ಲಿ ತುಕ್ಕು ಹಿಡಿಯದ ಉಕ್ಕು ಬಂದಾಗ ಅದಕ್ಕೆ ‘ಇನಾಕ್ಸ್’ ಸೇರಿ ವಿಕ್ಟೋರಿನಾಕ್ಸ್ ಆಯಿತು. ಫ್ರಾನ್ಸಿನ ಓಪಿನೆಲ್ ಚಾಕುವಿಗೆ ಕಿರೀಟವಿಟ್ಟ ಕೈಯ ಗುರುತು. ಅದರ ಮೇಲಿನ ಸಂಖ್ಯೆ ಅಳತೆಯದು, ವರ್ಷದ್ದಲ್ಲ. ಲಾಯೋಲ್ ಮಾದರಿಯ ಚಾಕುವಿನ ಬೆನ್ನಿನ ಮೇಲಿರುವ ನೊಣ ಅಥವಾ ಜೇನುಹುಳುವು ಯಾವ ಒಬ್ಬ ತಯಾರಕರ ಗುರುತೂ ಅಲ್ಲ. ಅಮೆರಿಕದ ಕೇಸ್ ಎಂಬ ಮನೆಯವರು ೧೯೭೦ರಲ್ಲಿ ಹತ್ತು ಚುಕ್ಕೆಗಳನ್ನು ಒತ್ತಿ, ಮುಂದೆ ವರ್ಷಕ್ಕೊಂದರಂತೆ ಕಡಮೆ ಮಾಡುತ್ತ ಬಂದರು. ಎಲ್ಲರೂ ಹೀಗೆ ಮಾಡಿದ್ದರೆ ಈ ಲೇಖನದ ಅರ್ಧ ಭಾಗ ಬೇಕಾಗುತ್ತಿರಲಿಲ್ಲ.

ಗುರುತು ನಿಜವೋ ಸುಳ್ಳೋ

ಹಿಂದೆ ಅಚ್ಚನ್ನು ಅಲಗಿಗೆ ಹದ ಕೊಡುವುದಕ್ಕೆ ಮೊದಲೇ ಒತ್ತುತ್ತಿದ್ದರು. ಆದ್ದರಿಂದ ಅಕ್ಷರಗಳ ಅಂಚೂ ಸುತ್ತಲಿನ ಮೈಯೂ ಒಂದೇ ರೀತಿಯಲ್ಲಿ ಸವೆದಿರಬೇಕು. ಮೈಯೆಲ್ಲ ತುಕ್ಕಿನ ಕುಳಿಗಳಿಂದ ತುಂಬಿದ್ದು ಹೆಸರು ಮಾತ್ರ ಹೊಸ ನಾಣ್ಯದಂತೆ ಹರಿತವಾಗಿದ್ದರೆ ಸಂಶಯಪಡತಕ್ಕದ್ದು. ತುಕ್ಕಿನ ಕುಳಿಯನ್ನು ಅಕ್ಷರವು ಕತ್ತರಿಸಿಕೊಂಡು ಹೋಗಿದ್ದರೆ ತುಕ್ಕು ಮೊದಲು, ಹೆಸರು ಆಮೇಲೆ. ಅಕ್ಷರಗಳ ಸಾಲು ಸೊಟ್ಟಗಿರುವುದರಿಂದಲೇ ಸುಳ್ಳೆನ್ನಬಾರದು. ಕೈಯಿಂದ ಹೊಡೆದ ಅಚ್ಚು ಓರೆಯಾಗುವುದು ಸಹಜ. ಕಾಗುಣಿತ ತಪ್ಪಿದ್ದರೆ ಮಾತ್ರ ಕ್ಷಮೆಯಿಲ್ಲ.

ಅಲಗು ಬದಲಾಗಿರುವುದೂ ಉಂಟು. ದೊಡ್ಡ ಅಲಗಿನ ಮೇಲೆ ಜೋಸೆಫ್ ರಾಜರ್ಸ್ ಹೆಸರೂ ‘ವಿ. ಆರ್.’ ಅಕ್ಷರಗಳೂ ಇದ್ದು, ಚಿಕ್ಕ ಅಲಗಿನ ಮೇಲೆ ‘ರೋಸ್ಟ್‌ಫ್ರೈ, ಸೋಲಿಂಗೆನ್’ ಎಂದಿರುವ ಚಾಕು ಒಂದು ಬಂದಿತೆಂದಿಟ್ಟುಕೊಳ್ಳಬಹುದು. ಇಂಗ್ಲಿಷ್ ಮನೆಯ ಚಾಕುವಿನಲ್ಲಿ ಜರ್ಮನ್ ಮಾತು ಬರಲು ಕಾರಣವಿಲ್ಲ. ಆಗ ಆಣಿಯನ್ನು ನೋಡಬೇಕು. ಒಂದು ತುದಿಯ ಆಣಿ ಹಳೆಯದಾಗಿ ಮೈಯೊಡನೆ ಬೆರೆತಿದ್ದು, ಮತ್ತೊಂದು ತುದಿಯ ಆಣಿಯ ತಲೆ ಹೊಳೆಯುತ್ತಿದ್ದು ಅದರ ಸುತ್ತ ಸುತ್ತಿಗೆಯ ಏಟು ಕಂಡರೆ, ಚಿಕ್ಕ ಅಲಗು ರಿಪೇರಿಯಲ್ಲಿ ಸೇರಿದ್ದೆಂದು ತಿಳಿಯಬಹುದು. ಅದರಿಂದ ದೊಡ್ಡ ಅಲಗಿನ ಯೋಗ್ಯತೆಗೆ ಕುಂದಿಲ್ಲ. ಪೂರ್ಣವಾದ ಹಳೆಯ ಚಾಕುವಿನ ಬೆಲೆ ಮಾತ್ರ ಅದಕ್ಕೆ ಸಲ್ಲದು.

ಉಕ್ಕಿನ ಪರೀಕ್ಷೆಗೆ ಅಯಸ್ಕಾಂತವನ್ನು ತರುವವರಿದ್ದಾರೆ. ಚಾಕುಗಳಿಗೆ ಬಳಸುವ ತುಕ್ಕು ಹಿಡಿಯದ ಉಕ್ಕನ್ನೂ ಅಯಸ್ಕಾಂತ ಹಿಡಿಯುವುದರಿಂದ ಆ ಪರೀಕ್ಷೆ ವ್ಯರ್ಥ. ಎಳೆ ಮಾವಿನಕಾಯಿಯನ್ನೋ ನಿಂಬೆಹಣ್ಣನ್ನೋ ಕೊಯ್ದು ಸ್ವಲ್ಪ ಹೊತ್ತು ಒರಸದೆ ಬಿಟ್ಟರೆ ಹಳೆಯ ಬಗೆಯ ಉಕ್ಕು ಕಪ್ಪಾಗುತ್ತದೆ, ತುಕ್ಕು ಹಿಡಿಯದ ಉಕ್ಕು ಹೊಳೆಯುತ್ತಲೇ ಇರುತ್ತದೆ. ಹಳೆಯ ಉಕ್ಕಿನ ಅಲಗಿನ ಮೇಲೆ ಬಹುಕಾಲದ ಬಳಕೆಯಿಂದ ಬಂದಿರುವ ಬೂದಿಗಪ್ಪು ಬಣ್ಣವು ದೋಷವಲ್ಲ. ಅದನ್ನು ಬೆಳಗಿ ತೆಗೆಯಬೇಕಾದ್ದಿಲ್ಲ.

ಹಿಡಿಯ ವಿಚಾರ ಮತ್ತು ಕಾನೂನು

ಹಿಡಿಗೆ ಕಡವೆಯ ಕೊಂಬು, ಎಮ್ಮೆಯ ಕೊಂಬು, ದನದ ಮೂಳೆ, ದಂತ, ಮುತ್ತಿನ ಚಿಪ್ಪು, ಮರ, ಸೆಲ್ಯುಲಾಯ್ಡ್ ಇವನ್ನು ಬಳಸಿದ್ದಾರೆ. ಷೆಫೀಲ್ಡಿನ ಚಾಕುಗಳ ಒರಟು ಮೈಯ ಕಂದು ಹಿಡಿಗಳಲ್ಲಿ ಬಹಳಷ್ಟು ಇಂಡಿಯಾದ ಕಾಡುಗಳಿಂದ ಹಡಗನ್ನೇರಿ ಹೋದ ಕಡವೆ ಕೊಂಬಿನವು. ಇಲ್ಲಿಂದ ಹೋದ ಕೊಂಬು ಇಂಗ್ಲಿಷ್ ಹೆಸರಿನೊಡನೆ ಇಲ್ಲಿಗೇ ಮರಳಿ ಬಂದು ಮಾರಾಟವಾಯಿತು. ಮೂಳೆಯಲ್ಲಿ ಸೂಜಿಯ ಮೊನೆಯಷ್ಟು ಸಣ್ಣ ಕಪ್ಪು ರಂಧ್ರಗಳೂ ಗೀರುಗಳೂ ಕಾಣುತ್ತವೆ. ದಂತದಲ್ಲಿ ರಂಧ್ರಗಳಿರುವುದಿಲ್ಲ, ಅಡ್ಡವಾಗಿ ಕೊಯ್ದ ತುದಿಯಲ್ಲಿ ಒಂದನ್ನೊಂದು ದಾಟುವ ನವುರಾದ ಬಾಗಿದ ಗೆರೆಗಳು ಕಾಣುತ್ತವೆ. ಸೆಲ್ಯುಲಾಯ್ಡನ್ನು ಬಟ್ಟೆಯಿಂದ ಬಿರುಸಾಗಿ ತಿಕ್ಕಿದರೆ ಕರ್ಪೂರದ ವಾಸನೆ ಬರುತ್ತದೆ. ಕಾದ ಸೂಜಿಯಿಂದ ಚುಚ್ಚಿ ನೋಡಲೇಕೂಡದು. ಅದು ಥಟ್ಟನೆ ಹೊತ್ತಿಕೊಳ್ಳುವ ಪದಾರ್ಥ.

ಗ್ರಾಮದ ಮುಖಂಡರು ಇಲ್ಲಿ ವಿಶೇಷವಾಗಿ ಎಚ್ಚರದಿಂದಿರಬೇಕು. ೧೯೭೨ರ ವನ್ಯಜೀವಿ ಸಂರಕ್ಷಣಾ ಅಧಿನಿಯಮವೂ ಅದಕ್ಕೆ ಆಮೇಲೆ ಬಂದ ತಿದ್ದುಪಡಿಗಳೂ ಕಡವೆಯ ಕೊಂಬು, ಆನೆಯ ದಂತ ಮತ್ತು ಅವುಗಳಿಂದ ಮಾಡಿದ ವಸ್ತುಗಳ ವ್ಯಾಪಾರವನ್ನು ನಿಷೇಧಿಸುತ್ತವೆ. ಚಾಕು ಅಜ್ಜನ ಕಾಲದ್ದು, ಹೊರದೇಶದಲ್ಲಿ ಮಾಡಿದ್ದು ಎಂಬ ಸಮಾಧಾನ ಹೇಳಿ ಮಾರುವುದು ಅಪಾಯಕರ. ಅಂಥ ಹಿಡಿಯೆಂಬ ಸಂಶಯ ಬಂದಲ್ಲಿ ಮಾರುವ ಅಥವಾ ಕೊಳ್ಳುವ ಮಾತನ್ನು ಅಲ್ಲಿಗೇ ನಿಲ್ಲಿಸಿ, ವಲಯ ಅರಣ್ಯಾಧಿಕಾರಿಗಳನ್ನು ಕೇಳಿ ತಿಳಿಯತಕ್ಕದ್ದು. ಊರಿಗೆ ಬರುವ ವ್ಯಾಪಾರಿಗಳು ಈ ವಿಷಯವನ್ನು ಹೇಳುವುದಿಲ್ಲ.

ಕೆಲಸಕ್ಕೆ ಬರುವ ಚಾಕು

ಹೆಸರಿದ್ದರೂ ಇಲ್ಲದಿದ್ದರೂ ಆಕಾರದಿಂದ ಉಪಯೋಗವನ್ನು ತಿಳಿಯಬಹುದು. ಗಿಣಿಯ ಕೊಕ್ಕಿನಂತೆ ಒಳಕ್ಕೆ ಬಾಗಿದ ಅಲಗು ರೆಂಬೆ ಸವರುವುದಕ್ಕೆ. ನೆಟ್ಟಗೆ ತೆಳುವಾಗಿದ್ದು, ಹಿಡಿಯ ತುದಿಯಲ್ಲಿ ಮೂಳೆಯ ಅಥವಾ ಹಿತ್ತಾಳೆಯ ಚಪ್ಪಟೆಯಾದ ನಾಲಗೆಯಿರುವ ಚಾಕು ಕಣ್ಣು ಹಾಕುವುದಕ್ಕೆ. ನಿಂಬೆ ಜಾತಿಯ ಗಿಡದ ತೊಗಟೆಯನ್ನು ಸೀಳಿದ ಮೇಲೆ ಆ ನಾಲಗೆಯಿಂದ ಎತ್ತಿ ಕಣ್ಣನ್ನು ಸೇರಿಸುತ್ತಾರೆ. ಕಸಿಯ ಚಾಕುಗಳಲ್ಲಿ ಹಲವನ್ನು ಒಂದೇ ಪಕ್ಕದಲ್ಲಿ ಇಳಿಜಾರಾಗಿ ಮಸೆದು, ಮತ್ತೊಂದು ಪಕ್ಕವನ್ನು ಸಮತಟ್ಟಾಗಿ ಬಿಟ್ಟಿರುತ್ತಾರೆ. ಕಡ್ಡಿಯ ಮೇಲೆ ಸಮನಾದ ಕೊಯ್ತ ಬರುವುದು ಇದರಿಂದಲೇ. ಬೀದಿಯಲ್ಲಿ ಬರುವ ಸಾಣೆಯವರು ಇದನ್ನರಿಯದೆ ಎರಡು ಪಕ್ಕವನ್ನೂ ಹಿಡಿದುಬಿಡುತ್ತಾರೆ. ಆ ಮೇಲೆ ಕೊಯ್ತವು ಅಲೆಯಲೆಯಾಗಿ, ಕಸಿಯ ಎರಡು ಮೈಗಳು ಒಂದಕ್ಕೊಂದು ಕೂಡುವುದಿಲ್ಲ. ಕಸಿ ಹಿಡಿಯಲಿಲ್ಲವೆಂದು ಕಡ್ಡಿಯನ್ನೂ ಹವೆಯನ್ನೂ ದೂರುವವರು ಚಾಕುವಿನ ಬಾಯಿಯನ್ನು ಒಮ್ಮೆ ನೋಡುವುದು ಒಳ್ಳೆಯದು. ಬಿರುಸಾಗಿ ತಿರುಗುವ ಒಣ ಚಕ್ರದಲ್ಲಿ ಅಲಗು ಕಾದು ಬಾಯಿಯ ಬಳಿ ನೀಲಿಬಣ್ಣ ತಿರುಗಿತೆಂದರೆ ಹದ ಹೋಯಿತು. ಆ ಭಾಗ ಮತ್ತೆ ಹರಿತವನ್ನು ಹಿಡಿಯುವುದಿಲ್ಲ. ನುಣುಪಾದ ಎಣ್ಣೆಗಲ್ಲಿನ ಮೇಲೆ ಕೈಯಿಂದಲೇ ಮಸೆಯತಕ್ಕದ್ದು.

ಬೆನ್ನಿನ ಕಮಾನು ಗಟ್ಟಿಯಾಗಿದ್ದು, ಬಿಚ್ಚಿದಾಗಲೂ ಮಡಿಸಿದಾಗಲೂ ಅಲಗು ಟಕ್ಕೆಂದು ನಿಲ್ಲಬೇಕು. ಬಿಚ್ಚಿದ ಅಲಗು ಅಕ್ಕಪಕ್ಕಕ್ಕೆ ಅಲ್ಲಾಡಿದರೆ ಆಣಿ ಸವೆದಿದೆ. ಅಂಥ ಚಾಕುವಿನಿಂದ ಕಸಿಯ ಕೆಲಸವನ್ನು ಮಾಡಬಾರದು, ಬೆರಳಿಗೂ ಅಪಾಯ.

ಇಡುವಾಗ ಅಲಗಿಗೂ ಕೀಲಿಗೂ ತೆಳುವಾಗಿ ಎಣ್ಣೆ ಸವರಿ ಹತ್ತಿಯ ಬಟ್ಟೆಯಲ್ಲಿ ಸುತ್ತಬೇಕು. ಚರ್ಮದ ಚೀಲದಲ್ಲಿಟ್ಟರೆ ಮಳೆಗಾಲದಲ್ಲಿ ತೇವವನ್ನು ಹಿಡಿದು ತುಕ್ಕು ಬರುತ್ತದೆ. ಸೆಲ್ಯುಲಾಯ್ಡ್ ಹಿಡಿಯ ಚಾಕುವನ್ನು ಇತರ ಚಾಕುಗಳ ಸಂಗಡ ಒಂದೇ ಡಬ್ಬಿಯಲ್ಲಿ ಮುಚ್ಚಿಡಕೂಡದು. ಹಳೆಯದಾದ ಸೆಲ್ಯುಲಾಯ್ಡ್ ಕೆಡುವಾಗ ಹೊರಡುವ ಆಮ್ಲದ ಆವಿಯಿಂದ ಪಕ್ಕದಲ್ಲಿರುವ ಒಳ್ಳೆಯ ಅಲಗುಗಳಿಗೂ ತುಕ್ಕು ಹತ್ತುತ್ತದೆ.